15 ದಿನಗಳ ಅವಧಿ

ಮನೆಯು ಒಡೆಯನದು, ವಾಸವು ಬಾಡಿಗೆದಾರನದು. ಇವೆರಡಕ್ಕೆ ವಿರೋಧವೊದಗಿದಾಗ ಯಾವುದು ಬಲವತ್ತರವು? ಬಾಡಿಗೆ ನಿಯಂತ್ರಣದ ಶಾಸನಕ್ಕೊಳಪಡದ ಮನೆಯಾದರೆ, ಬೇರೆ ಕರಾರಿಲ್ಲದಾಗ, ತಿಂಗಳ ಬಾಡಿಗೆಯನ್ನು 15 ದಿನಗಳ ಲಿಖಿತ ನೋಟೀಸಿನಿಂದ ಮುಗಿಸಬಹುದೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 106ನೆಯ ಪ್ರಕರಣವು ವಿಧಿಸಿದೆ. ಕಾರಣ ಹೇಳಬೇಕಾದುದಿಲ್ಲ. ಅವಧಿ ತೀರಿದ ಮೇಲೂ ಬಾಡಿಗೆದಾರನು ಬಿಡದಿದ್ದರೆ ನ್ಯಾಯಾಲಯಕ್ಕೆ ಹೋಗಬೇಕೇ ಹೊರತು ಪಾತ್ರೆಪಗಡಗಳನ್ನು ಬೀದಿಗೆಸೆಯುವಂತಿಲ್ಲ.

ಎರಡು ವರ್ಷಗಳ ಹಿಂದೆ ಫಾಲ್ಗುಣದಲ್ಲಿ ನಾನೇ ನಮ್ಮ ಹಿತ್ತಿಲ ಮನೆಯವರಿಗೆ ಅಂಥ ಪತ್ರವನ್ನಿತ್ತೆನು. ಮಗನು ಊರಿಗೆ ಹಿಂದಿರುಗುವವನಿದ್ದನು. ಪತ್ರದಲ್ಲಿ ಲೋಪವೇನೂ ಇರಲಿಲ್ಲ. ಅವರ ಹುಡುಗಿಗೆ ಹತ್ತನೆಯ ತರಗತಿಯ ಪರೀಕ್ಷೆಗೆ ಮೂರೇ ವಾರಗಳಿದ್ದವು. 30 ವರ್ಷ ಪರೀಕ್ಷೆಯ ದಿನಗಳನ್ನೆಣಿಸಿದ ಉಪಾಧ್ಯಾಯನಿಗೆ ಅದು ಹೊಳೆಯಲಿಲ್ಲ!

ಪರರ ನೆಲದಲ್ಲಿ ಬಾಡಿಗೆ ತೆತ್ತು ಮನೆ ಕಟ್ಟಿಕೊಂಡವನು ಬಿಟ್ಟುಹೋಗುವಾಗ ಹುಲ್ಲು, ಮರ, ಇಟ್ಟಿಗೆಗಳನ್ನು ಒಯ್ಯಬಹುದೆಂದು ನಾರದಸ್ಮೃತಿಯು ಹೇಳುತ್ತದೆ. ಆದರೆ ಶಾಲೆಯ ಹಾದಿಯನ್ನೂ, ಅಂಗಡಿಯವನ ನಂಬುಗೆಯನ್ನೂ, ನೆರೆಯವರ ಒಡನಾಟವನ್ನೂ ಹೊತ್ತೊಯ್ಯುವುದೆಂತು? ಅವು ನಾವು ಕೊಟ್ಟವಲ್ಲ. ಅವನ್ನು ಕಸಿಯುವಷ್ಟು ದೂರ ಒಡೆಯನ ಸ್ವತ್ವವು ಚಾಚುವುದೆಂದು ನನಗೆ ತೋರದು.

ಬೇಸಗೆ ಕಳೆಯುವವರೆಗೂ ಇರಿರೆಂದು ಹೇಳಹೋದೆನು. ಅವರು ಆಗಲೇ ಮುಂಗಡವಿತ್ತು ಊರಾಚೆ ಬೇರೊಂದು ಮನೆಯನ್ನು ಹಿಡಿದಿದ್ದರು.