ಪ್ರಾಣಿಸಂಯಮವೂ ಹೊಗೆಸೊಪ್ಪಿನ ಲೆಕ್ಕವೂ

ದಶಲಕ್ಷಣ ಧರ್ಮಗಳಲ್ಲಿ ಆರನೆಯದಾದ ಉತ್ತಮ ಸಂಯಮವನ್ನು ಆಚಾರ್ಯರು ಎರಡು ಬಗೆಯಾಗಿ ವಿವರಿಸಿರುವರು. ಇಂದ್ರಿಯಗಳನ್ನು ಹತೋಟಿಯಲ್ಲಿಡುವುದು ಇಂದ್ರಿಯಸಂಯಮ. ಆರು ಬಗೆಯ ಜೀವಕಾಯಗಳಿಗೆ ನೋವಾಗದಂತೆ ನಡೆಯುವುದು ಪ್ರಾಣಿಸಂಯಮ. ಮೊದಲನೆಯದು ಶ್ರಾವಕನಿಗೆ ಸುಲಭವಾಗಿ ಗೊತ್ತಾಗುತ್ತದೆ. ನಾಲಿಗೆ ಬೇಡಿದುದನ್ನು ಕೊಡಲಿಲ್ಲವೆಂದರೆ ಅದು ಅವನಿಗೇ ತಿಳಿಯುವ ಸಂಗತಿ. ಎರಡನೆಯದು ಅಷ್ಟು ಸುಲಭವಲ್ಲ. ತಟ್ಟೆಯ ಮೇಲೆ ಬಂದ ವಸ್ತು, ಮೈಮೇಲೆ ಹಾಕಿದ ಬಟ್ಟೆ, ಪೆಟ್ಟಿಗೆಯಲ್ಲಿಟ್ಟ ಹಣ ಇವೆಲ್ಲವೂ ಎಲ್ಲಿಂದಲೋ ಬಂದವು, ಎಲ್ಲಿಗೋ ಹೋಗುವಂಥವು. ಬಂದ ದಾರಿಯಲ್ಲಿಯೂ ಹೋಗುವ ದಾರಿಯಲ್ಲಿಯೂ ಬಾಧೆಗೊಂಡ ಜೀವಗಳು ಅನುಭವಿಸುವವನ ಕಣ್ಣಿಗೆ ಬೀಳುವುದಿಲ್ಲ. ಹಾಗಾದರೆ ಪ್ರಾಣಿಸಂಯಮದ ಎಲ್ಲೆ ಯಾವುದು? ಕಣ್ಣಿಗೆ ಬಿದ್ದ ಜೀವದವರೆಗೋ, ವಸ್ತುವಿನ ಹುಟ್ಟಿನಿಂದ ಅಳಿವಿನವರೆಗೋ? ವ್ರತಧಾರಿಗಳು ವಿಚಾರಿಸಬೇಕಾದ ಪ್ರಶ್ನೆಯಿದು.

ಈ ಪ್ರಶ್ನೆಯ ಒಂದು ಭಾಗವನ್ನು ಇಂದಿನ ವಿಜ್ಞಾನವೂ ತನ್ನದೇ ಕಾರಣಗಳಿಗಾಗಿ ಕೈಗೆತ್ತಿಕೊಂಡಿದೆ. ಅದಕ್ಕೆ ಜೀವನಚಕ್ರ ಮೌಲ್ಯಮಾಪನವೆಂದು ಹೆಸರು. 1969ರಲ್ಲಿ ಅಮೆರಿಕದ ಕೋಕಾ ಕೋಲಾ ಕಂಪೆನಿಯು ತನ್ನ ಪಾನೀಯವನ್ನು ತುಂಬುವ ಬೇರೆಬೇರೆ ಪಾತ್ರೆಗಳಲ್ಲಿ ಯಾವುದಕ್ಕೆ ಎಷ್ಟು ಕಚ್ಚಾವಸ್ತು, ಎಷ್ಟು ಇಂಧನ ತಗಲುವುದು, ಎಷ್ಟು ಕಶ್ಮಲ ಹೊರಬೀಳುವುದು ಎಂದು ಲೆಕ್ಕ ಹಾಕಿಸಿದುದು ಇದರ ಆರಂಭಗಳಲ್ಲೊಂದು. 1997ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಐಎಸ್‌ಒ 14040 ಎಂಬ ಮಾನಕದಿಂದ ಇದಕ್ಕೆ ಕ್ರಮವನ್ನು ಕಟ್ಟಿಕೊಟ್ಟಿತು. ಲೆಕ್ಕದ ಉದ್ದೇಶವನ್ನೂ ಎಲ್ಲೆಯನ್ನೂ ಮೊದಲು ಗೊತ್ತುಮಾಡಬೇಕು. ಬಳಿಕ ಒಳಬಂದುದು ಹೊರಹೋದುದು ಎರಡನ್ನೂ ಪಟ್ಟಿಮಾಡಬೇಕು. ಅವುಗಳಿಂದಾಗುವ ಹಾನಿಯನ್ನು ಅಂದಾಜು ಮಾಡಬೇಕು. ಕೊನೆಗೆ ಅರ್ಥವನ್ನು ತೂಗಿ ನೋಡಬೇಕು. ಇವೇ ಅದರ ನಾಲ್ಕು ಹಂತಗಳು.

ಪಾರಣೆಯ ದಿನದ ಸಾಮೂಹಿಕ ಭೋಜನದ ಉದಾಹರಣೆಯನ್ನು ತೆಗೆದುಕೊಂಡರೆ ಇದು ತಿಳಿಯಾಗುವುದು. ಅಡಕೆ ಹಾಳೆಯ ತಟ್ಟೆಯನ್ನು ಒಮ್ಮೆ ಉಂಡು ಬಿಸಾಡುತ್ತಾರೆ. ಸ್ಟೀಲ್ ತಟ್ಟೆಯನ್ನು ಮಾಡಲು ಗಣಿ ಬೇಕು, ಕುಲುಮೆ ಬೇಕು. ಆದರೆ ಅದರಲ್ಲಿ ಸಾವಿರಾರು ಸಲ ಉಣ್ಣಬಹುದು, ಪ್ರತಿಸಲವೂ ತೊಳೆಯುವ ನೀರು ಬೇಕು. ಎರಡನ್ನೂ ಹೋಲಿಸುವಾಗ ಒಂದು ತಟ್ಟೆಗೆ ಒಂದು ತಟ್ಟೆಯೆಂದು ಹೋಲಿಸಬಾರದು. ಒಂದು ಊಟಕ್ಕೆ ಒಂದು ಊಟವೆಂದು ಹೋಲಿಸಬೇಕು. ಒಮ್ಮೆ ಅನುಭವಿಸಿ ಬಿಡುವುದು ಭೋಗ, ಮರಳಿ ಮರಳಿ ಅನುಭವಿಸುವುದು ಉಪಭೋಗವೆಂದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಓದಿದವರಿಗೆ ಈ ಭೇದ ಹೊಸದಲ್ಲ.

ಶಾಸ್ತ್ರದಲ್ಲಿ ಲೆಕ್ಕದ ಇನ್ನೊಂದು ಕ್ರಮವುಂಟು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವದ ಅಧಿಕರಣವನ್ನು ಹೇಳುವಾಗ ಸಂರಂಭ, ಸಮಾರಂಭ, ಆರಂಭ ಎಂಬ ಮೂರನ್ನು ಮನ, ವಚನ, ಕಾಯ ಎಂಬ ಮೂರು ಯೋಗಗಳಿಂದಲೂ, ಕೃತ, ಕಾರಿತ, ಅನುಮತ ಎಂಬ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿ 108 ಭೇದಗಳನ್ನು ತೋರಿಸಿದೆ. ಜಪಮಾಲೆಯ ಮಣಿಗಳ ಸಂಖ್ಯೆಗೆ ಇದನ್ನೇ ಕಾರಣವಾಗಿ ಹೇಳುವ ವಾಡಿಕೆಯೂ ಇದೆ. ಅದರ ಬೆನ್ನಿಗೇ ಅಜೀವಾಧಿಕರಣವಾಗಿ ನಿರ್ವರ್ತನೆ, ನಿಕ್ಷೇಪ, ಸಂಯೋಗ, ನಿಸರ್ಗಗಳ ಮಾತು ಬರುತ್ತದೆ. ವಸ್ತುವನ್ನು ರಚಿಸುವಲ್ಲಿಯೂ ಇಡುವಲ್ಲಿಯೂ ಕೂಡಿಸುವಲ್ಲಿಯೂ ಆಸ್ರವಕ್ಕೆ ಎಡೆಯುಂಟೆಂಬುದು ಇದರ ಸಾರ. ಪೂರ್ವಾಚಾರ್ಯರು ಇಂದಿನ ವಿಜ್ಞಾನವನ್ನೇ ಹೇಳಿದರೆಂದು ಹಿಗ್ಗುವುದು ತರವಲ್ಲ. ಅವರು ಅಳೆದುದು ಆತ್ಮಕ್ಕಂಟುವ ಕರ್ಮವನ್ನು. ಇಂದಿನವರು ಅಳೆಯುವುದು ನೆಲ, ನೀರು, ಗಾಳಿಗಳಿಗಾಗುವ ಹಾನಿಯನ್ನು. ಆದರೂ ಕ್ರಿಯೆಯನ್ನು ಅದರ ಕೊನೆಯ ತುದಿಯಲ್ಲಿ ಮಾತ್ರ ನೋಡಬಾರದು, ಮೊದಲಿನಿಂದ ನೋಡಬೇಕೆಂಬ ವಿವೇಕ ಎರಡರಲ್ಲಿಯೂ ಸಮಾನವಾಗಿದೆ.

ಈ ವಿವೇಕವನ್ನು ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ. ಹೇಮಾವತಿ ಕಾವೇರಿಗಳ ನಡುವಣ ಅರಕಲಗೂಡು ಸೀಮೆಯನ್ನು ನೋಡಿದರೆ ಸಾಕು. 11ನೆಯ ಶತಮಾನದಲ್ಲಿ ಜಿನಧರ್ಮಕ್ಕೆ ಆಶ್ರಯವಿತ್ತ ಕೊಂಗಾಳ್ವರು ಆಳಿದ ನಾಡಿದು. ಇಲ್ಲಿಯ ಹಗುರವಾದ ಕೆಮ್ಮಣ್ಣಿನಲ್ಲಿ ಇಂದು ಸಿಗರೇಟಿಗೆ ಸಲ್ಲುವ ವರ್ಜೀನಿಯಾ ಹೊಗೆಸೊಪ್ಪು ಬೆಳೆಯುತ್ತದೆ. 1975ರ ಕಾಯಿದೆಯ ಮೇರೆಗೆ ತಂಬಾಕು ಮಂಡಳಿ ಏರ್ಪಟ್ಟಿತು. 1984ರಿಂದ ಕರ್ನಾಟಕದಲ್ಲಿ ಮಂಡಳಿಯ ಹರಾಜು ನಡೆದುಬಂದಿದೆ. ಈ ತಾಲ್ಲೂಕಿನ ರಾಮನಾಥಪುರದಲ್ಲಿ ಹರಾಜು ಮಾರುಕಟ್ಟೆಯಿದೆ.

ಸಸಿಮಡಿಯಲ್ಲಿ ಎದ್ದ ಸಸಿಯನ್ನು ಮುಂಗಾರಿನ ಮೊದಲ ಮಳೆಗಳಿಗೆ ಹೊಲದಲ್ಲಿ ನೆಡುತ್ತಾರೆ. ಗೊಬ್ಬರ, ಕೀಟನಾಶಕಗಳು ಬೀಳುತ್ತವೆ. ಬುಡದ ಎಲೆಗಳು ಮಾಗುತ್ತ ಬಂದಂತೆ ಕೆಳಗಿನಿಂದ ಮೇಲಕ್ಕೆ ಕೆಲವೇ ಎಲೆಗಳನ್ನು ಬಿಡಿಸಿ, ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎಂದು ಜನ ಕರೆಯುವ ಎತ್ತರದ ಮನೆಯಲ್ಲಿ ಸಾಲುಸಾಲಾಗಿ ತೂಗುಹಾಕುತ್ತಾರೆ. ಹೊರಗಿನ ಒಲೆಯ ಬಿಸಿ ಕೊಳವೆಗಳ ಮೂಲಕ ಒಳಗೆ ಹರಿದು, ಎಲೆ ಮೊದಲು ಹಳದಿಯಾಗಿ, ಬಳಿಕ ಒಣಗಿ, ಕೊನೆಗೆ ನಡುದಿಂಡೂ ಒಣಗಬೇಕು. ಅದಕ್ಕೆ ಹಲವು ದಿನ ಹಗಲಿರುಳು ಬೆಂಕಿ ಆರದಂತೆ ಕಾಯಬೇಕು. ಒಂದು ಕಿಲೋ ಒಣಸೊಪ್ಪಿಗೆ ಹಲವು ಕಿಲೋ ಸೌದೆ ಉರಿಯುತ್ತದೆ.

ಇದು ನಡೆಯುವ ಕಾಲವನ್ನು ಗಮನಿಸಬೇಕು. ಮಳೆಗಾಲದಲ್ಲಿ ಜೀವೋತ್ಪತ್ತಿ ಹೆಚ್ಚೆಂದು ಮುನಿಗಳು ವಿಹಾರ ನಿಲ್ಲಿಸಿ ಚಾತುರ್ಮಾಸ್ಯದಲ್ಲಿ ನೆಲೆನಿಲ್ಲುತ್ತಾರೆ. ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬರುತ್ತದೆ. ಶ್ರಾವಕ ಶ್ರಾವಿಕೆಯರು ಉಪವಾಸ ಏಕಾಶನಗಳನ್ನು ಕೈಗೊಳ್ಳುತ್ತಾರೆ. ನೀರನ್ನು ಸೋಸಿ ಬಳಸುತ್ತಾರೆ. ದೀಪಕ್ಕೆ ಹುಳು ಬಿದ್ದೀತೆಂದು ರಾತ್ರಿಭೋಜನವನ್ನು ಬಿಟ್ಟಿರುತ್ತಾರೆ. ಅದೇ ತಿಂಗಳುಗಳಲ್ಲಿ ಬ್ಯಾರನ್ನಿನ ಒಲೆಯ ಬಾಯಿ ರಾತ್ರಿಯೆಲ್ಲ ತೆರೆದಿರುತ್ತದೆ. ಒಳಹೋಗುವ ಕೊರಡಿನ ಸಂದಿನಲ್ಲಿ ಇರುವೆಯಿದೆಯೋ ಗೆದ್ದಲಿದೆಯೋ ಯಾರೂ ಶೋಧಿಸುವುದಿಲ್ಲ.

ಹರಾಜಿನಲ್ಲಿ ಹೋದ ಸೊಪ್ಪಿನ ಮುಂದಿನ ದಾರಿಯನ್ನೂ ಅಳೆದಿರುವರು. 2018ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಸಿಗರೇಟಿನ ಜೀವನಚಕ್ರವನ್ನು ಜಗತ್ತಿನ ಮಟ್ಟದಲ್ಲಿ ಲೆಕ್ಕ ಹಾಕಿ ಪ್ರಕಟಿಸಿದರು. ವರ್ಷಕ್ಕೆ ಸುಮಾರು 6 ಲಕ್ಷ ಕೋಟಿ ಸಿಗರೇಟು, ಅದಕ್ಕಾಗಿ 3.24 ಕೋಟಿ ಟನ್ ಹಸಿರು ಸೊಪ್ಪು. ಒಣಗಿದ ಮೇಲೆ ಉಳಿಯುವುದು ಅದರ ಐದರಲ್ಲೊಂದು ಪಾಲು. ನೆಲ ಹದಮಾಡುವುದರಿಂದ ತುಂಡನ್ನು ಬಿಸಾಡುವವರೆಗೆ ಒಂದು ಸಿಗರೇಟಿಗೆ 3.7 ಲೀಟರ್ ನೀರು ವೆಚ್ಚವಾಗಿ, ಸುಮಾರು 14 ಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಹೊರಬೀಳುತ್ತದೆಂದು ಅವರು ಕಂಡುಕೊಂಡರು. ಹಾಗೆಂದರೆ ದಿನಕ್ಕೆ ಇಪ್ಪತ್ತು ಸೇದುವವನು 74 ಲೀಟರ್ ನೀರನ್ನು ಕಾಣದಂತೆ ವ್ಯಯಮಾಡುತ್ತಾನೆ. ಉಳಿದ ಫಿಲ್ಟರ್ ತುಂಡು ಹತ್ತಿಯಂತೆ ಕಂಡರೂ ಒಂದು ಬಗೆಯ ಪ್ಲಾಸ್ಟಿಕ್ಕು, ಬೇಗ ಮಣ್ಣಾಗುವುದಿಲ್ಲ. ಪೃಥ್ವೀಕಾಯ, ಅಪ್ಕಾಯ, ತೇಜಃಕಾಯ, ವಾಯುಕಾಯ, ವನಸ್ಪತಿಕಾಯ, ತ್ರಸಕಾಯ ಈ ಆರರಲ್ಲಿ ಆ ಲೆಕ್ಕದಿಂದ ಹೊರಗುಳಿದುದು ಯಾವುದು?

ಈಗ ಒಬ್ಬ ಶ್ರಾವಕನನ್ನು ಕಲ್ಪಿಸಿಕೊಳ್ಳಬಹುದು. ಅವನು ಸಪ್ತವ್ಯಸನಗಳನ್ನು ಬಿಟ್ಟವನು, ಹೊಗೆಸೊಪ್ಪನ್ನು ಬಾಯಿಗಿಟ್ಟವನಲ್ಲ, ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧವನ್ನು ತಪ್ಪಿಸುವವನಲ್ಲ. ಹಾಸನದಲ್ಲಿ ಮನೆ, ಕೊಣನೂರಿನ ಕಡೆ ಜಮೀನು. ಜಮೀನಿನಲ್ಲಿ ಪಾಲಿನ ಮಾತಿನ ಮೇಲೆ ಬೇರೊಂದು ಕುಟುಂಬ ಹೊಗೆಸೊಪ್ಪು ಬೆಳೆಯುತ್ತದೆ; ಬದುವಿನ ಮರಗಳು ಬ್ಯಾರನ್ನಿಗೆ ಸೌದೆಯಾಗಿ ಹೋಗುತ್ತವೆ. ಇವನ ಇಂದ್ರಿಯಸಂಯಮ ನಿರ್ದೋಷವಾದುದು. ಪ್ರಾಣಿಸಂಯಮ?

ಶಂಕೆ: ಅವನು ಬೆಳೆಯಲಿಲ್ಲ, ಬೇಯಿಸಲಿಲ್ಲ, ಸೇದಲಿಲ್ಲ. ದೋಷವೆಲ್ಲಿ?

ಸಮಾಧಾನ: ಕೃತವಿಲ್ಲದಿರಬಹುದು, ಕಾರಿತವುಂಟು. ಹರಾಜಿನ ದರ ಏರಿತೆಂದು ಕೇಳಿ ಸಂತೋಷಪಟ್ಟರೆ ಅನುಮತವೂ ಕೂಡಿತು. ನೆಲವನ್ನು ಕೊಟ್ಟವನು, ಮರವನ್ನು ಮಾರಿದವನು, ಸಾಲ ಕೊಟ್ಟವನು, ಸಿಗರೇಟು ಕಂಪೆನಿಯ ಷೇರುಗಳನ್ನು ಪೆಟ್ಟಿಗೆಯಲ್ಲಿಟ್ಟವನು ಇವರೆಲ್ಲರಿಗೂ ಈ ವಿಚಾರ ಅನ್ವಯಿಸುವುದು.

ಶಂಕೆ: ಇಷ್ಟೊಂದು ಜನರಲ್ಲಿ ಅವನ ಪಾಲು ಅತ್ಯಲ್ಪ. ಅವನು ಬಿಟ್ಟರೆ ಇನ್ನೊಬ್ಬನು ಬೆಳೆಯುವನು.

ಸಮಾಧಾನ: ಇಲ್ಲಿ ಎರಡು ಲೆಕ್ಕಗಳೂ ಬೇರೆಯಾಗುತ್ತವೆ. ವಿಜ್ಞಾನದ ಲೆಕ್ಕದಲ್ಲಿ ಒಟ್ಟು ಹಾನಿಯನ್ನು ನೂರೆಂದಿಟ್ಟುಕೊಂಡು ಇವನಿಗಿಷ್ಟು ಅವನಿಗಿಷ್ಟು ಎಂದು ಹಂಚಬೇಕು. ಪಾಲುಗಾರರು ಹೆಚ್ಚಿದಂತೆ ಒಬ್ಬೊಬ್ಬನ ಪಾಲು ಇಳಿಯುವುದು. ನೆಲ ನೀರುಗಳ ಲೆಕ್ಕಕ್ಕೆ ಅದು ಸರಿ. ಕರ್ಮದ ಲೆಕ್ಕದಲ್ಲಿ ಹಂಚಿಕೆಯಿಲ್ಲ. ಹಲವರು ಕೂಡಿ ಮಾಡಿದ ಒಂದೇ ಹಿಂಸೆಯು ಅವರವರ ಭಾವದ ತೀವ್ರತೆ ಮಂದತೆಗಳಿಗೆ ತಕ್ಕಂತೆ ಬೇರೆಬೇರೆ ಫಲ ಕೊಡುವುದೆಂಬುದು ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿಚಾರಿತವಾದ ವಿಷಯ. ಜೊತೆಗಾರರು ಹೆಚ್ಚಾದರೆಂಬ ಮಾತ್ರಕ್ಕೆ ಒಬ್ಬನ ಬಂಧ ಹಗುರವಾಗದು. ಬೇರೊಬ್ಬನು ಬೆಳೆದಾನೆಂಬುದು ಅವನ ಭಾವಕ್ಕೆ ಸಂಬಂಧಿಸಿದ್ದು, ಇವನದಕ್ಕಲ್ಲ.

ಶಂಕೆ: ಹೀಗೆ ಹಿಂದಕ್ಕೆ ಹೋಗುತ್ತಲೇ ಇದ್ದರೆ ರಾಗಿಯಲ್ಲಿಯೂ ಭತ್ತದಲ್ಲಿಯೂ ಹಿಂಸೆಯಿದೆ. ಗೃಹಸ್ಥನು ಬದುಕುವುದು ಹೇಗೆ?

ಸಮಾಧಾನ: ಅದಕ್ಕೆಂದೇ ಶ್ರಾವಕನದು ಮಹಾವ್ರತವಲ್ಲ, ಅಣುವ್ರತ. ಸಂಕಲ್ಪೀ ಹಿಂಸೆಯನ್ನು ಅವನು ಪೂರ್ಣವಾಗಿ ಬಿಡಬೇಕು. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳಲ್ಲಿ ಯತ್ನಾಚಾರವಿರಬೇಕು. ಲೆಕ್ಕಕ್ಕೆ ಎಲ್ಲಿಯಾದರೂ ಎಲ್ಲೆ ಕಟ್ಟಲೇಬೇಕೆಂದು ವಿಜ್ಞಾನವೂ ಒಪ್ಪುತ್ತದೆ. ಆದರೆ ಎಲ್ಲೆ ಕಟ್ಟುವಾಗ ರಾಗಿಯನ್ನೂ ಹೊಗೆಸೊಪ್ಪನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಲಾಗದು. ಒಂದು ಪ್ರಾಣವನ್ನು ಧರಿಸಲು ಬೇಕಾದುದು. ಇನ್ನೊಂದು ಯಾರ ಪ್ರಾಣಕ್ಕೂ ಬೇಡವಾದುದು, ಸೇದಿದವನ ಪ್ರಾಣಕ್ಕೇ ಎರವಾಗುವುದು. ಪ್ರಯೋಜನವಿಲ್ಲದೆ ನೆಲವನ್ನಗೆಯುವ, ನೀರು ಚೆಲ್ಲುವ, ಬೆಂಕಿ ಹೊತ್ತಿಸುವ, ಗಿಡ ಕಡಿಯುವ ಪ್ರಮಾದಚರ್ಯೆಯನ್ನು ಅನರ್ಥದಂಡಗಳಲ್ಲಿ ಸೇರಿಸಿರುವುದರ ಮರ್ಮವಿದು.

ಈ ಭೇದವೇ ವಿಜ್ಞಾನದ ಅಳತೆಗಿರುವ ಮಿತಿಯನ್ನೂ ತೋರಿಸುತ್ತದೆ. ಅದು ಪ್ರಯೋಜನವನ್ನು ಪ್ರಶ್ನಿಸುವುದಿಲ್ಲ. ಅದೇ ಪ್ರಯೋಜನವನ್ನು ಕಡಿಮೆ ಹಾನಿಯಿಂದ ಪಡೆಯುವ ದಾರಿ ಯಾವುದೆಂದು ಕೇಳುತ್ತದೆ. ಸೌದೆಯ ಬದಲು ಕಾಫಿ ಹೊಟ್ಟನ್ನೋ ತೆಂಗಿನ ಮಟ್ಟೆಯನ್ನೋ ಉರಿಸಿದರೆ, ಬ್ಯಾರನ್ನಿನ ಗೋಡೆಯಿಂದ ಬಿಸಿ ಸೋರದಂತೆ ಮಾಡಿದರೆ ಕಡಿಯುವ ಮರ ಕಡಿಮೆಯಾಗುವುದು ನಿಜ. ಅಂಥ ಯತ್ನ ಪ್ರಶಂಸನೀಯವೂ ಹೌದು. ಆದರೆ ಆ ಒಂದು ಕಿಲೋ ಸೊಪ್ಪು ಬೇಕೇ ಎಂದು ಕೇಳುವುದು ವ್ರತದ ಕೆಲಸ. ವ್ರತವಿಲ್ಲದ ಲೆಕ್ಕ ಭೋಗಕ್ಕೆ ಸಮರ್ಥನೆಯಾದೀತು. ಲೆಕ್ಕವಿಲ್ಲದ ವ್ರತ ಬಾಯಿಯ ಬಳಿಯೇ ನಿಂತುಬಿಟ್ಟೀತು. ಕೊರಡಿನೊಳಗಿನ ಇರುವೆ ಇಂಗಾಲದ ಅಂಕಣದಲ್ಲಿ ಬರುವುದಿಲ್ಲವೆಂಬುದನ್ನೂ ಮರೆಯಬಾರದು. ಅಳತೆಗೆ ಸಿಕ್ಕಲಿಲ್ಲವೆಂದು ಜೀವವಿಲ್ಲವೆಂದಾಗದು.

ಕೊನೆಯ ಶಂಕೆ ಎಲ್ಲಕ್ಕಿಂತ ಕಠಿನವಾದುದು: ಆ ಜಮೀನಿನ ಮೇಲೆ ಬದುಕುವ ಕುಟುಂಬದ ಗತಿಯೇನು? ಮಳೆಯನ್ನು ನಂಬಿದ ಹೊಲದಲ್ಲಿ ವರ್ಷಕ್ಕೊಮ್ಮೆ ಹಣ ಕಾಣಿಸುವ ಬೆಳೆ ಅದು. ಮಕ್ಕಳ ಶಾಲೆ, ಮನೆಯ ಮದುವೆ, ಬ್ಯಾಂಕಿನ ಸಾಲ ಎಲ್ಲವೂ ಆ ಹರಾಜಿಗೆ ತಗಲಿಕೊಂಡಿವೆ. ಒಡೆಯನು ಹಾಸನದಲ್ಲಿ ಕುಳಿತು ಹೊಗೆಸೊಪ್ಪು ಬೇಡವೆಂದು ಹೇಳಿಕಳುಹಿಸಿ ತನ್ನ ಪಾಲನ್ನು ಮಾತ್ರ ಮೊದಲಿನಷ್ಟೇ ಕೇಳಿದನೆಂದರೆ, ಒಡೆಯನ ವ್ರತಕ್ಕೆ ಉಳುವವನ ಮನೆಯಲ್ಲಿ ಉಪವಾಸವಾಯಿತು. ಅದು ತ್ಯಾಗವಲ್ಲ, ತ್ಯಾಗದ ಭಾರವನ್ನು ದುರ್ಬಲನ ಹೆಗಲಿಗೆ ಸಾಗಿಸುವುದು. ಸಾಲದ ಒತ್ತಡದಿಂದ ಬೆಳೆಯುವವನ ಭಾವಕ್ಕೂ, ಇನ್ನೊಂದು ಆದಾಯವಿದ್ದೂ ಲಾಭಕ್ಕಾಗಿ ಬೆಳೆಸುವವನ ಭಾವಕ್ಕೂ ಅಂತರವಿದೆ. ಆದುದರಿಂದ ನಷ್ಟವನ್ನು ಹೊರುವವನು ಮೊದಲು ಒಡೆಯನೇ ಆಗಬೇಕು. ರಾಗಿ, ಜೋಳ, ಅವರೆಗಳಿಗೆ ಹೊಲ ತಿರುಗುವ ವರ್ಷಗಳಲ್ಲಿ ತನ್ನ ಪಾಲನ್ನು ತಗ್ಗಿಸಿಕೊಂಡು, ಬೀಜಕ್ಕೂ ಗೊಬ್ಬರಕ್ಕೂ ತಾನೇ ಕೊಟ್ಟು, ಆ ಕುಟುಂಬ ನೆಲೆನಿಲ್ಲುವಂತೆ ನೋಡಿಕೊಂಡರೆ ಅವನ ಪರಿಗ್ರಹ ಪರಿಮಾಣವೂ ಪ್ರಾಣಿಸಂಯಮವೂ ಒಂದೇ ಕಾರ್ಯದಲ್ಲಿ ನೆರವೇರುವುವು.

ಎಲ್ಲ ವಸ್ತುಗಳ ಆದ್ಯಂತ ಲೆಕ್ಕವನ್ನು ಒಂದೇ ದಿನ ಹಿಡಿಯುವುದು ಯಾವ ಗೃಹಸ್ಥನಿಂದಲೂ ಆಗದು. ಅದಕ್ಕಾಗಿ ಶಾಸ್ತ್ರದಲ್ಲಿ ಯಮ, ನಿಯಮ ಎಂಬ ಎರಡು ದಾರಿಗಳಿವೆ. ಜೀವಾವಧಿಯಾಗಿ ಬಿಡಲಾಗದುದನ್ನು ಕಾಲದ ಮಿತಿಯಿಂದ ಬಿಡಬಹುದು. ಒಂದು ಚಾತುರ್ಮಾಸ್ಯದ ಅವಧಿಗೆ ಮನೆಯ ಒಂದೇ ವಸ್ತುವನ್ನು, ಇಲ್ಲವೇ ಆದಾಯದ ಒಂದೇ ಮೂಲವನ್ನು ಆರಿಸಿಕೊಂಡು, ಅದು ಯಾವ ನೆಲದಿಂದ, ಯಾವ ನೀರಿನಿಂದ, ಯಾವ ಬೆಂಕಿಯಿಂದ ಬಂದಿತು, ಬಿಟ್ಟ ಮೇಲೆ ಎಲ್ಲಿಗೆ ಹೋಗುವುದು, ನಡುವೆ ಯಾರು ದುಡಿದರು ಎಂದು ವಿಚಾರಿಸಿ, ತಿಳಿದಷ್ಟನ್ನು ಬರೆದಿಟ್ಟು, ಅದಕ್ಕೆ ತಕ್ಕ ನಿಯಮವನ್ನು ತೆಗೆದುಕೊಳ್ಳುವುದು ಸಾಧ್ಯವಾದುದೇ. ಕ್ಷಮಾವಣಿಯ ದಿನ ಸಮಸ್ತ ಜೀವಗಳಲ್ಲಿ ಕ್ಷಮೆ ಬೇಡುವ ಶ್ರಾವಕ ಶ್ರಾವಿಕೆಯರು, ಆ ಜೀವಗಳು ತಮ್ಮ ಯಾವ ಯಾವ ಭೋಗದ ಹಿಂದೆ ನಿಂತಿರುವುವೆಂಬುದನ್ನು ಅಷ್ಟಿಷ್ಟಾದರೂ ತಿಳಿದು ಬೇಡುವಂತಾಗಲಿ.