ಗುಟ್ಟು ಯಾರನ್ನು ಕಾಯುತ್ತದೆ?

"ಸಂಸಾರ ಗುಟ್ಟು, ವ್ಯಾಧಿ ರಟ್ಟು" ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮನೆಯ ಕಷ್ಟಸುಖ ಮನೆಯೊಳಗೇ ಇರಲಿ. ರೋಗವನ್ನು ಮಾತ್ರ ಹತ್ತು ಜನರ ಮುಂದೆ ಹೇಳು, ಮದ್ದು ಬಲ್ಲವರು ಯಾರಾದರೂ ಸಿಕ್ಕಾರು ಎಂಬುದು ಅದರ ತಾತ್ಪರ್ಯ. ಸಾಂಗ್ಲಿ ಜಿಲ್ಲೆ ಮಿರಜ ತಾಲೂಕಿನ ಲಿಂಗನೂರಿನಂತಹ ಊರುಗಳಲ್ಲಿ, ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ ಎಂಬಂತೆ ಬಾಳುವ ಕುಟುಂಬಗಳಿಗೆ ಈ ಗಾದೆಯ ಮೊದಲ ಭಾಗ ಇನ್ನೂ ಒಂದು ಅರ್ಥವನ್ನು ಹೊತ್ತಿದೆ. "ಮನ್ಯಾಗಿನ ಮಾತು ಹೊರಗ ಹೋಗಬಾರದು" ಎಂದು ಆಯಿ ಮೊಮ್ಮಗಳಿಗೆ ಬುದ್ಧಿ ಹೇಳಿದರೆ, ಆ 'ಮಾತು' ಸುದ್ದಿಯೂ ಹೌದು, ಭಾಷೆಯೂ ಹೌದು. ಎರಡೂ ಹೊಸ್ತಿಲೊಳಗಿನ ವಸ್ತುಗಳು. ಮರಾಠಿಯಲ್ಲಿ ಆಯಿ ಎಂದರೆ ತಾಯಿ, ಈ ಕಡೆಯ ಕನ್ನಡದಲ್ಲಿ ಅಜ್ಜಿ. ಒಂದು ಕರೆಯ ಶಬ್ದ ಕೂಡ ಹೊರಗೆ ಕಾಲಿಟ್ಟ ಕೂಡಲೇ ಬೇರೆಯಾಗಿಬಿಡುತ್ತದೆ!

ಆ ಮೊಮ್ಮಗಳು ಬೆಳೆದು, ತನ್ನ ಮನೆಯನ್ನೂ ತನ್ನ ಜನರನ್ನೂ ತಾನು ಬೆಳೆದ ಬಗೆಯನ್ನೂ ಒಂದು ಚಲನಚಿತ್ರವಾಗಿ ಮಾಡಹೊರಟರೆ, ಅದು ಸರಿಯೆ? ಇಂದು ಇದು ದೂರದ ಪ್ರಶ್ನೆಯಲ್ಲ. ಕೈಯಲ್ಲಿರುವ ಮೊಬೈಲಿನಲ್ಲಿಯೇ ಚಿತ್ರ ತೆಗೆಯಬಹುದಾದ ಕಾಲವಿದು. ತನ್ನ ಬಾಲ್ಯ ತನ್ನದು, ಅದನ್ನು ಹೇಳುವ ಹಕ್ಕು ತನಗಿದೆ ಎನ್ನುತ್ತಾಳೆ ಆಕೆ. ಆದರೆ ಆ ಬಾಲ್ಯದೊಳಗೆ ಅಪ್ಪನ ಸಾಲವಿದೆ, ಅವ್ವನ ಕಣ್ಣೀರಿದೆ, ಕಾಕಾನ ಕುಡಿತವಿದೆ. ಅವು ಯಾರವು?

ಈ ಪ್ರಶ್ನೆಯನ್ನು ಬಹಳ ಗಂಭೀರವಾಗಿ ಎದುರಿಸಿದವರು ಅಮೆರಿಕದ ಸ್ವತಂತ್ರ ಚಿತ್ರಗಳ ನಿರ್ದೇಶಕರು. ಸ್ವತಂತ್ರ ಚಿತ್ರವೆಂದರೆ ದೊಡ್ಡ ಸ್ಟುಡಿಯೋಗಳ ಹಣ ಮತ್ತು ಹಂಗಿಗೆ ಹೊರತಾಗಿ ತಯಾರಾದದ್ದು. ಕಪ್ಪು ಜನಾಂಗದ ಚಾರ್ಲ್ಸ್ ಬರ್ನೆಟ್ ಎಪ್ಪತ್ತರ ದಶಕದಲ್ಲಿ, ವಿಶ್ವವಿದ್ಯಾಲಯದ ಪದವಿ ಅಭ್ಯಾಸದ ಭಾಗವಾಗಿ, ತಾನು ಬೆಳೆದ ಲಾಸ್ ಏಂಜಲೀಸಿನ ವಾಟ್ಸ್ ಕೇರಿಯಲ್ಲಿಯೇ 'ಕಿಲ್ಲರ್ ಆಫ್ ಶೀಪ್' ಚಿತ್ರವನ್ನು ತೆಗೆದರು. ಖರ್ಚು ಹತ್ತು ಸಾವಿರ ಡಾಲರಿಗಿಂತ ಕಡಿಮೆ. ಕಸಾಯಿಖಾನೆಯಲ್ಲಿ ದುಡಿದು ದಣಿದ ಒಬ್ಬ ತಂದೆ, ಅವನ ಹೆಂಡತಿ ಮಕ್ಕಳು, ಬೀದಿಯಲ್ಲಿ ಆಡುವ ಹುಡುಗರು, ಇಷ್ಟೇ ಅದರ ಕಥೆ. ೧೯೯೦ರಲ್ಲಿ ಅಮೆರಿಕ ಅದನ್ನು ತನ್ನ ರಾಷ್ಟ್ರೀಯ ಚಲನಚಿತ್ರ ಪಟ್ಟಿಯಲ್ಲಿ ಸೇರಿಸಿಕೊಂಡಿತು.

೨೦೨೦ರ 'ಮಿನಾರಿ' ನಮಗೆ ಇನ್ನೂ ಹತ್ತಿರದ್ದು. ಕೊರಿಯಾದಿಂದ ಬಂದ ತಂದೆತಾಯಿಗಳ ಮಗನಾಗಿ ಅರ್ಕಾನ್ಸಾ ರಾಜ್ಯದ ಹೊಲದಲ್ಲಿ ಬೆಳೆದ ಲೀ ಐಸಾಕ್ ಚಂಗ್ ತನ್ನ ಬಾಲ್ಯದ ನೆನಪಿನಿಂದಲೇ ಅದನ್ನು ಕಟ್ಟಿದರು. ಮನೆಗೆ ಬಂದ ಅಜ್ಜಿಯನ್ನು ಪುಟ್ಟ ಹುಡುಗ ಮೊದಮೊದಲು ಒಪ್ಪುವುದೇ ಇಲ್ಲ. ಇವಳು ಸರಿಯಾದ ಅಜ್ಜಿಯಲ್ಲ ಎಂಬುದು ಅವನ ದೂರು. ಅವನ ಮನಸ್ಸಿನಲ್ಲಿರುವುದು ಅಮೆರಿಕದ ಅಜ್ಜಿ! ತನ್ನ ನಾಡಿನಿಂದ ತಂದ ಮಿನಾರಿ ಬೀಜವನ್ನು ಆಕೆ ತೊರೆಯ ದಂಡೆಯಲ್ಲಿ ಹಾಕುತ್ತಾಳೆ. ನಮ್ಮ ತೋಟದ ಒಂದೆಲಗದ ಹಾಗೆ ತೇವವಿದ್ದಲ್ಲಿ ಹಬ್ಬುವ ಸೊಪ್ಪು ಅದು. ಅಮೆರಿಕದಲ್ಲಿ ಹುಟ್ಟಿದವನು ಅಮೆರಿಕದ ನೆಲದಲ್ಲಿ ತೆಗೆದ ಈ ಚಿತ್ರವನ್ನು, ಮಾತು ಬಹುಪಾಲು ಕೊರಿಯನ್ ಎಂಬ ಕಾರಣಕ್ಕೆ, ೨೦೨೧ರ ಗೋಲ್ಡನ್ ಗ್ಲೋಬ್ ಪ್ರಶಸ್ತಿಯವರು 'ವಿದೇಶಿ ಭಾಷೆ'ಯ ಸಾಲಿನಲ್ಲಿ ಕೂರಿಸಿದರು. ಸ್ವಂತ ದೇಶದಲ್ಲಿಯೇ ಮನೆಮಾತು ಪರದೇಶಿಯಾಗುವ ಅನುಭವವನ್ನು ಮಿರಜಿನವರಿಗಾಗಲಿ ಕಾಸರಗೋಡಿನವರಿಗಾಗಲಿ ಬಿಡಿಸಿ ಹೇಳಬೇಕಾದುದಿಲ್ಲ.

ಆದರೆ ನೀತಿಯ ಪ್ರಶ್ನೆ ತೀಕ್ಷ್ಣವಾಗಿ ಏಳುವುದು ಲೂಲೂ ವಾಂಗ್ ಅವರ ೨೦೧೯ರ 'ದಿ ಫೇರ್‌ವೆಲ್' ಚಿತ್ರದಲ್ಲಿ. ಚೀನಾದಲ್ಲಿರುವ ಅಜ್ಜಿಗೆ ಕ್ಯಾನ್ಸರ್. ಮನೆಯವರೆಲ್ಲ ಸೇರಿ ಅದನ್ನು ಆಕೆಯಿಂದಲೇ ಮುಚ್ಚಿಡುತ್ತಾರೆ. ಕೊನೆಯ ಬಾರಿ ನೋಡಿಹೋಗಲು ನೆಪಕ್ಕೊಂದು ಮದುವೆ ಹೂಡುತ್ತಾರೆ. ಅಮೆರಿಕದಲ್ಲಿ ಬೆಳೆದ ಮೊಮ್ಮಗಳಿಗೆ ಇದು ಸುಳ್ಳು, ಅನ್ಯಾಯ. ಹಿರಿಯರ ಉತ್ತರ ಬೇರೆ: ಸಾವಿನ ಭಾರವನ್ನು ಅವಳೊಬ್ಬಳ ತಲೆಯ ಮೇಲೆ ಹಾಕದೆ ನಾವೆಲ್ಲ ಹೊರುತ್ತೇವೆ. ನಿರ್ದೇಶಕಿಯ ಸ್ವಂತ ಮನೆಯಲ್ಲಿ ನಡೆದದ್ದೇ ಇದು. ಅಜ್ಜಿಯ ಊರಿನಲ್ಲಿಯೇ ಚಿತ್ರೀಕರಣ ನಡೆದಾಗಲೂ ಕಥೆ ಏನೆಂದು ಅಜ್ಜಿಗೆ ಹೇಳಿರಲಿಲ್ಲ. ನಮ್ಮ ಗಾದೆ ಇಲ್ಲಿ ತಲೆಕೆಳಗಾಯಿತು. ವ್ಯಾಧಿ ಗುಟ್ಟಾಯಿತು, ಸಂಸಾರ ರಟ್ಟಾಯಿತು.

ಆ ಚಿತ್ರ ಅಜ್ಜಿಯನ್ನು ಎಲ್ಲಿಯೂ ಕರುಣೆಯ ಗೊಂಬೆಯಾಗಿಸಿಲ್ಲ. ಆಕೆ ಗದರುತ್ತಾಳೆ, ನಗುತ್ತಾಳೆ, ಎಲ್ಲರನ್ನೂ ಆಳುತ್ತಾಳೆ. ಹಾಗಿದ್ದರೂ ಒಂದು ಮಾತು ಉಳಿದೇ ಉಳಿಯುತ್ತದೆ. ಲೋಕವೆಲ್ಲ ತಿಳಿದ ಆ ಸಂಗತಿಗೆ ಹೂಂ ಅಥವಾ ಉಹೂಂ ಎನ್ನುವ ಅವಕಾಶ ಇಲ್ಲದಿದ್ದವಳು ಆಕೆಯೊಬ್ಬಳೇ. ಒಳ್ಳೆಯ ಕಲೆಯಾದ ಮಾತ್ರಕ್ಕೆ ಈ ಋಣ ತೀರುವುದಿಲ್ಲ.

ಇದರ ಎದುರಿಗೆ ನಮ್ಮದೇ 'ಘಟಶ್ರಾದ್ಧ'ವನ್ನು ಇಟ್ಟು ನೋಡಬಹುದು. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ೧೯೭೭ರಲ್ಲಿ ತೆಗೆದ, ಸ್ವರ್ಣಕಮಲ ಪಡೆದ ಚಿತ್ರ. ಗರ್ಭಿಣಿಯಾದ ಯುವ ವಿಧವೆ ಯಮುನೆ ಬದುಕಿರುವಾಗಲೇ ಆಕೆಗೆ ಶ್ರಾದ್ಧ ಮಾಡಿ ಸಮಾಜದಿಂದ ಹೊರಗೆ ಹಾಕುವುದನ್ನು ನಾಣಿ ಎಂಬ ಬಾಲಕ ನೋಡುತ್ತಾನೆ. ಅವನ ಬೆಳವಣಿಗೆಯೆಂದರೆ ಆ ನೋಟವೇ. ಇಲ್ಲಿಯೂ ಮುಚ್ಚಿಡಬೇಕೆಂಬ ಗುಟ್ಟಿದೆ. ಆದರೆ ಅದು ಯಮುನೆಯನ್ನು ಕಾಯುತ್ತಿಲ್ಲ. ಅವಳನ್ನು ಬೀದಿಪಾಲು ಮಾಡಿದವರ ಮಾನವನ್ನು ಕಾಯುತ್ತಿದೆ. ಅಂತಹ ಗುಟ್ಟನ್ನು ಒಡೆಯುವುದು ಮನೆಗೆ ಮಾಡಿದ ದ್ರೋಹವಲ್ಲ.

ಆದ್ದರಿಂದ ಗುಟ್ಟು ಹೇಳಬಹುದೆ ಕೂಡದೆ ಎಂದು ಕೇಳುವುದಕ್ಕಿಂತ, ಆ ಗುಟ್ಟು ಯಾರನ್ನು ಕಾಯುತ್ತದೆ ಎಂದು ಕೇಳುವುದು ಸರಿಯಾದೀತು. ಬಲವಿಲ್ಲದವರನ್ನು ಕಾಯುವ ಗುಟ್ಟನ್ನು ಅವರ ಒಪ್ಪಿಗೆಯಿಲ್ಲದೆ ಮುಟ್ಟಬಾರದು. ಬಲವಿಲ್ಲದವರಿಂದ ಬಲವಂತರನ್ನು ಕಾಯುವ ಗುಟ್ಟಿಗೆ ಅಂತಹ ಮರ್ಯಾದೆ ಸಲ್ಲದು.

ಇಷ್ಟು ಹೇಳಿದರೂ ಅಲ್ಪಸಂಖ್ಯಾತರ ಒಂದು ಅಂಜಿಕೆ ಹಾಗೆಯೇ ಉಳಿಯುತ್ತದೆ. ಮೊದಲೇ ನಾವು ನಾಲ್ಕು ಮನೆಯವರು; ನಮ್ಮ ಕೊಳೆಯನ್ನು ನಾವೇ ಊರ ಮುಂದೆ ಹರವಿದರೆ ಆಡಿಕೊಳ್ಳುವವರಿಗೆ ಅನುಕೂಲವಲ್ಲವೆ? ಇದು ಸುಳ್ಳು ಅಂಜಿಕೆಯಲ್ಲ. ೨೦೧೮ರಲ್ಲಿ ರಿಷಬ್ ಶೆಟ್ಟಿಯವರ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು' ಬಂದಾಗ ಗಡಿನಾಡಿನ ಮನೆಮನೆಯವರೂ ಅದನ್ನು ತಮ್ಮದೆಂದು ನೋಡಿ ಸಂತೋಷಪಡಲು ಸಾಧ್ಯವಾಯಿತು. ಅದು ಕನ್ನಡ ಶಾಲೆಗೆ ಹೊರಗಿನಿಂದ ಬಂದ ಆಪತ್ತಿನ ಕಥೆ. ಹೊರಗಿನವರು ನಮಗೆ ಏನು ಮಾಡಿದರು ಎಂದು ಹೇಳುವುದು ಸುಲಭ. ನಮ್ಮ ಮನೆಯಲ್ಲಿ ಸೊಸೆಗೆ, ಆಳಿಗೆ, ಓದಲು ಹಟ ಹಿಡಿದ ಮಗಳಿಗೆ ನಾವು ಏನು ಮಾಡಿದೆವು ಎಂದು ಹೇಳುವುದೇ ಕಷ್ಟ. 'ಮಿನಾರಿ'ಯಲ್ಲಿ ತಂದೆಯ ಹಟವೂ ಇದೆ, ಗಂಡಹೆಂಡಿರ ಜಗಳವೂ ಇದೆ. ಅದರಿಂದ ಕೊರಿಯನ್ನರ ಮಾನ ಹೋಗಲಿಲ್ಲ. ಅವರೂ ನಮ್ಮಂತಹ ಮನುಷ್ಯರೇ ಎಂದು ನೋಡಿದವರಿಗೆ ತಿಳಿಯಿತು. ಬರಿಯ ಹೊಗಳಿಕೆಯಿಂದ ಈ ತಿಳಿವು ಬರುವಂತಹುದಲ್ಲ.

ಭಾಷೆಯ ವಿಷಯದಲ್ಲಿಯೂ ಇದನ್ನು ಯೋಚಿಸಬೇಕು. ಲಿಂಗನೂರು ಇರುವ ಮಿರಜ ತಾಲೂಕಿನದೇ ಕುಪವಾಡ ಜಗತ್ತಿನ ಭಾಷಾಶಾಸ್ತ್ರಜ್ಞರಿಗೆಲ್ಲ ಪರಿಚಿತವಾದ ಹೆಸರು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಅಮೆರಿಕದ ವಿದ್ವಾಂಸರು ೧೯೭೧ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿಯ ಕನ್ನಡ, ಮರಾಠಿ, ಉರ್ದುಗಳು ಶತಮಾನಗಳ ಒಡನಾಟದಲ್ಲಿ ವ್ಯಾಕರಣದಲ್ಲಿ ಎಷ್ಟು ಹತ್ತಿರ ಬಂದಿದ್ದವೆಂದರೆ, ಒಂದರ ವಾಕ್ಯವನ್ನು ಶಬ್ದಕ್ಕೆ ಶಬ್ದವಿಟ್ಟು ಇನ್ನೊಂದಕ್ಕೆ ತಿರುಗಿಸಬಹುದಿತ್ತು. ಆದರೂ ಶಬ್ದಗಳು ಬೇರೆಬೇರೆಯಾಗಿಯೇ ಉಳಿದವು. ಪ್ರತಿಯೊಂದು ಜನವರ್ಗವೂ ಮನೆಯೊಳಗಿನ ಬಾಳನ್ನು ಹೊರಗಿನ ವ್ಯವಹಾರದಿಂದ ಬೇರ್ಪಡಿಸಿ ಇಟ್ಟುಕೊಂಡದ್ದೇ ಇದಕ್ಕೆ ಕಾರಣವೆಂದು ಅವರು ಕಂಡರು. ಅಂದರೆ ಆಯಿಯ ಬುದ್ಧಿವಾದ ಹುಸಿಯಲ್ಲ. ಹೊಸ್ತಿಲೇ ಭಾಷೆಯನ್ನು ಕಾಯ್ದಿತ್ತು.

ಆದರೆ ಕಾಯುವುದಕ್ಕೆ ಮನೆಯಲ್ಲಿ ಜನರಿರಬೇಕಲ್ಲ! ಮಕ್ಕಳು ಓದಿಗೆ, ಕೆಲಸಕ್ಕೆ ಪುಣೆ, ಮುಂಬಯಿಗೆ ಹೋಗುತ್ತಾರೆ. ಕೆಲವರು ಅಮೆರಿಕಕ್ಕೂ ಹೋಗುತ್ತಾರೆ. ಆಯಿಯ ಬಾಯಿಯಲ್ಲಿ ಮಾತ್ರ ಇರುವ ಮಾತು ಆಯಿಯೊಡನೆಯೇ ಹೋಗುತ್ತದೆ. ಮನೆಮಾತನ್ನು ನಾಚಿಕೆಯಿಂದ ಒಳಗಿಟ್ಟರೆ, ಅದು ನಾಚಿಕೆಪಡುವ ವಸ್ತುವೆಂದೇ ಮಗು ಕಲಿಯುತ್ತದೆ.

ಹಾಗಾದರೆ ಹೊರಗೆ ತರುವವರ ಕರ್ತವ್ಯವೇನು? ೨೦೧೫ರಲ್ಲಿ ರಾಮ್ ರೆಡ್ಡಿಯವರು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ 'ತಿಥಿ'ಯನ್ನು ತೆಗೆದ ಬಗೆ ಇಲ್ಲಿ ನೆನೆಯತಕ್ಕದ್ದು. ನಟಿಸಿದವರು ಅಲ್ಲಿಯ ಹಳ್ಳಿಗರೇ, ಮಾತು ಅವರದೇ, ಕಥೆ ಬರೆದ ಈರೇಗೌಡರು ಅದೇ ಊರಿನವರು. ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರಶಸ್ತಿ ಬಂದಾಗ ತೆರೆಯ ಮೇಲಿದ್ದದ್ದು ಪುಸ್ತಕದ ಕನ್ನಡವಲ್ಲ, ಮಂಡ್ಯದ ಹೊಲಗದ್ದೆಯ ಕನ್ನಡ. ಯಾರ ಬಾಳನ್ನು ತೋರಿಸುತ್ತೇವೆಯೋ ಅವರು ಕೇವಲ ನೋಟದ ವಸ್ತುಗಳಾಗದೆ ಪಾಲುದಾರರಾಗಬೇಕೆಂಬುದನ್ನು ಇದರಿಂದ ಕಲಿಯಬಹುದು.

ಲಿಂಗನೂರಿನ ಒಬ್ಬ ಹುಡುಗಿ ನಾಳೆ ಅವ್ವನ ಮುಂದೆ ಮೊಬೈಲು ಹಿಡಿದು, "ಅವ್ವಾ, ನೀ ಲಗ್ನಾಗಿ ಬಂದಾಗ ಏನೇನಾತು ಹೇಳ" ಎಂದರೆ, ಹಿರಿಯರು ಗದರಿ ಎಬ್ಬಿಸದಿರಲಿ. ಅವ್ವ ಯಾವುದನ್ನು ಬೇಡವೆನ್ನುತ್ತಾಳೋ ಅದನ್ನು ಆ ಹುಡುಗಿ ಬಿಡಲಿ. ಅವ್ವ ಹೇಳಬಯಸಿದ್ದನ್ನು ಬೇರೆ ಯಾರು ಬೇಡವೆಂದರೂ ಬಿಡದಿರಲಿ. ಚಿತ್ರ ಮುಗಿದ ಮೇಲೆ ಮೊದಲ ಪ್ರೇಕ್ಷಕಿ ಅವ್ವನೇ ಆಗಲಿ. ಪುಣೆ, ಬೆಂಗಳೂರು, ಅಮೆರಿಕಗಳ ಸರದಿ ಆಮೇಲೆ ಬರಲಿ.