ಅರ್ಧಕ್ಕೆ ಅರ್ಧ ಕೂಡಿದರೆ

ಅರ್ಜಿ ಬರೆಯುವುದು ಬೆಳಗಿನ ಕೆಲಸವೆಂದೇ ನನ್ನ ಎಣಿಕೆ. ರಾತ್ರಿ ಕೂತು ಬರೆದದ್ದರಲ್ಲಿ ನಾವು ನಮಗೇ ಒಂದೋ ತೀರ ದೊಡ್ಡವರಾಗಿ ಕಾಣುತ್ತೇವೆ, ಇಲ್ಲವೇ ತೀರ ಚಿಕ್ಕವರಾಗಿ. ಬೆಳಿಗ್ಗೆ ಎದ್ದು ಓದಿದರೆ ಎರಡೂ ಸುಳ್ಳೆಂದು ತಿಳಿಯುತ್ತದೆ.

ಮಾರಿಕುಪ್ಪಂನಿಂದ ಹೊರಟ ರೈಲು ಚಾಂಪಿಯನ್, ಊರ್ಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರುವಾಗ ಅದರಲ್ಲಿ ಬೆಂಗಳೂರಿನ ಕೆಲಸಕ್ಕೆ ಹೋಗುವವರ ನಡುವೆ ಎಂ.ಎಸ್ಸಿ. ಓದುವ ಮಕ್ಕಳೂ ನಿಂತಿರುತ್ತಾರೆ. ಗಣಿತ ತೆಗೆದುಕೊಂಡವರಲ್ಲಿ ಒಬ್ಬರೋ ಇಬ್ಬರೋ ಚಳಿ ಶುರುವಾಗುವ ಹೊತ್ತಿಗೆ ನನ್ನ ಮನೆ ಹುಡುಕಿಕೊಂಡು ಬರುವುದುಂಟು. "ಮೇಡಂ, ಅಮೆರಿಕಕ್ಕೆ ಪಿಎಚ್.ಡಿ.ಗೆ ಹಾಕ್ತಿದೀನಿ. ಟೀಚಿಂಗ್ ಅಸಿಸ್ಟೆಂಟ್‌ಶಿಪ್ ಸಿಕ್ಕಿದ್ರೆ ಮಾತ್ರ ಹೋಗೋಕಾಗೋದು. ಒಂದು ಲೆಟರ್ ಕೊಡ್ತೀರಾ?"

ಈ ಅಸಿಸ್ಟೆಂಟ್‌ಶಿಪ್ ವಿದ್ಯಾರ್ಥಿವೇತನವೂ ಹೌದು, ಸಂಬಳವೂ ಹೌದು. ಶುಲ್ಕ ಮಾಫಿ, ತಿಂಗಳಿಗಿಷ್ಟು ಅಂತ ಕೈಗೆ ಹಣ. ಬದಲಿಗೆ ವಾರಕ್ಕೆ ಹೆಚ್ಚೆಂದರೆ 20 ಗಂಟೆ ದುಡಿಮೆ. ಪ್ರೊಫೆಸರು ದೊಡ್ಡ ಹಾಲಿನಲ್ಲಿ ನೂರಾರು ಜನಕ್ಕೆ ಕ್ಯಾಲ್ಕುಲಸ್ ಪಾಠ ಮಾಡಿ ಹೋಗುತ್ತಾರೆ. ಆ ವಿದ್ಯಾರ್ಥಿಗಳನ್ನೇ ಸಣ್ಣ ಗುಂಪುಗಳಲ್ಲಿ ಕೂರಿಸಿಕೊಂಡು ಲೆಕ್ಕ ಬಿಡಿಸುವುದು, ಉತ್ತರಪತ್ರಿಕೆ ತಿದ್ದುವುದು, ಅರ್ಥವಾಗಲಿಲ್ಲವೆಂದು ಬಂದವರಿಗೆ ಮತ್ತೊಮ್ಮೆ ಹೇಳುವುದು ಈ ಸಹಾಯಕರ ಪಾಲು. ಎಂಜಿನಿಯರಿಂಗ್, ಅರ್ಥಶಾಸ್ತ್ರ, ಜೀವಶಾಸ್ತ್ರದವರಿಗೂ ಕ್ಯಾಲ್ಕುಲಸ್ ಬೇಕಾಗುವುದರಿಂದ ಗಣಿತ ವಿಭಾಗಕ್ಕೆ ಇಂಥವರು ಬಹಳ ಮಂದಿ ಬೇಕು. ಅಲ್ಲಿ ಗಣಿತದಲ್ಲಿ ಸಂಶೋಧನೆ ಮಾಡುವ ಹೆಚ್ಚಿನವರ ಊಟ, ಬಾಡಿಗೆ ನಡೆಯುವುದು ಪಾಠ ಹೇಳಿಯೇ. ಮನೆಪತ್ರ ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ಎತ್ತಲಾರದ ಸಂಸಾರಗಳಿಗೆ, ಅಂದರೆ ಕೆ.ಜಿ.ಎಫ್. ಚಿನ್ನದ ಗಣಿಯ ಲೈನು ಮನೆಗಳಲ್ಲಿ ಬೆಳೆದ ನಮ್ಮ ಮಕ್ಕಳಿಗೆ, ಇದೊಂದು ನಿಜವಾದ ದಾರಿ.

ಈ ಸಲ ಬಂದ ಹುಡುಗಿಯ ಕರಡಿನಲ್ಲಿ ಮೊದಲ ಪ್ಯಾರಾ ಪೂರ್ತಿ ಚಿನ್ನ. 1880ರ ಜಾನ್ ಟೇಲರ್ ಕಂಪನಿ, 1902ರಲ್ಲಿ ಶಿವನಸಮುದ್ರದಿಂದ ಬಂದ ಕರೆಂಟು, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಚಾಂಪಿಯನ್ ರೀಫ್, 2001ರ ಫೆಬ್ರವರಿ 28ರಂದು ಬಿದ್ದ ಬೀಗ. ಬೀಗ ಬಿದ್ದಾಗ ಆಕೆ ಹುಟ್ಟಿರಲೇ ಇಲ್ಲ. ಎರಡನೇ ಪ್ಯಾರಾದಲ್ಲಿ ನ್ಯೂಟ್ರಿನೊ: ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಂ.ಜಿ.ಕೆ. ಮೆನನ್, ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಮೊದಲಾದವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹ್ಯಾಂ ವಿಜ್ಞಾನಿಗಳ ಜೊತೆಗೂಡಿ 1965ರಲ್ಲಿ ನಮ್ಮ ಗಣಿಯ ಎರಡು ಕಿಲೋಮೀಟರಿಗೂ ಕೆಳಗೆ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಹಿಡಿದದ್ದು. ಎಲ್ಲ ಖರೆ. ಊರಿನ ಹೆಮ್ಮೆ ನನಗೂ ಇದೆ. ಸಿನಿಮಾ ಬಂದ ಮೇಲೆ ಊರಿನ ಹೆಸರು ಹೇಳಿದರೆ ಸಾಕು, ಎಲ್ಲರೂ ತಲೆಯಾಡಿಸುತ್ತಾರೆ. ಆದರೆ ಅರ್ಜಿಯಲ್ಲಿ ಕೇಳಿದ್ದು ಬೇರೆ. ನೀನು ಯಾರಿಗೆ, ಏನನ್ನು, ಹೇಗೆ ಕಲಿಸಿದ್ದೀಯ? ಆ ಜಾಗದಲ್ಲಿ ಆಕೆ ಬರೆದದ್ದು ಒಂದೇ ಸಾಲು: ಅನುಭವ ಇಲ್ಲ.

ಇಲ್ಲವೇ? ಪಿಯುಸಿ ಓದುವಾಗಿನಿಂದಲೂ ರಾಬರ್ಟ್‌ಸನ್‌ಪೇಟೆಯ ಮನೆಯಲ್ಲಿ ಸಂಜೆ ಹೊತ್ತು ಹೈಸ್ಕೂಲು ಮಕ್ಕಳನ್ನು ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತ ಬಂದವಳು. ಅದನ್ನು ನೆನಪಿಸಿದರೆ ನಕ್ಕುಬಿಟ್ಟಳು.

"ಅಯ್ಯೋ ಮೇಡಂ, ಅದು ಟ್ಯೂಷನ್ನು. ಅದನ್ನೆಲ್ಲ ಬರೀತಾರಾ?"

"ಅದನ್ನೇ ಬರೀಬೇಕು ಕಣಮ್ಮ. ಯಾವುದಾದ್ರೂ ಒಂದು ದಿನದ್ದು ಹೇಳು."

ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು. ಒಂಬತ್ತನೇ ತರಗತಿಯ ಹುಡುಗನೊಬ್ಬ ಭಿನ್ನರಾಶಿ ಕೂಡಿಸುವಾಗ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸುತ್ತಿದ್ದ. ಎಷ್ಟು ಸಲ ತಿದ್ದಿದರೂ ಮಾರನೇ ದಿನ ಅದೇ. ಈಕೆ ತಿದ್ದುವುದನ್ನು ಬಿಟ್ಟು, "ನಿನ್ನ ರೀತಿಯಲ್ಲೇ ಅರ್ಧಕ್ಕೆ ಅರ್ಧ ಕೂಡಿಸು" ಅಂದಳಂತೆ. ಒಂದೂ ಒಂದೂ ಎರಡು, ಎರಡೂ ಎರಡೂ ನಾಲ್ಕು. ನಾಲ್ಕರಲ್ಲಿ ಎರಡು, ಅಂದರೆ ಮತ್ತೆ ಅರ್ಧ. ಹುಡುಗ ಪುಸ್ತಕ ನೋಡಿದ, ಇವಳ ಮುಖ ನೋಡಿದ, ಮನೆಮಾತಾದ ತಮಿಳಿನಲ್ಲಿ ಏನೋ ಗೊಣಗಿಕೊಂಡು ಪುಟವನ್ನೇ ಹೊಡೆದುಹಾಕಿದ. "ತಪ್ಪು ಅಂತ ನಾನು ಹೇಳ್ಲಿಲ್ಲ ಮೇಡಂ, ಅವನೇ ಹೇಳ್ದ."

ಇಡೀ ಕರಡಿನಲ್ಲಿ ಇಷ್ಟು ಗಟ್ಟಿಯಾದ ಗಣಿತ ಇರಲಿಲ್ಲ. ನಿಯಮವೊಂದು ಸರಿಯೇ ಎಂದು ನೋಡಲು ಅತಿ ಸಣ್ಣ ಉದಾಹರಣೆಯನ್ನು ಅದರ ಮುಂದೆ ನಿಲ್ಲಿಸುವುದು ಸಂಶೋಧಕರೂ ದಿನಾ ಮಾಡುವ ಕೆಲಸ. ಕ್ಯಾಲ್ಕುಲಸ್ ಕಟ್ಟಿದವರಲ್ಲಿ ಒಬ್ಬನಾದ ಲೈಬ್ನಿಟ್ಸ್ 1675ರ ನವೆಂಬರಿನ ಟಿಪ್ಪಣಿಗಳಲ್ಲಿ, ಎರಡು ರಾಶಿಗಳ ಗುಣಲಬ್ಧದ ಡಿಫರೆನ್ಷಿಯಲ್ ಅಂದರೆ ಅವುಗಳ ಡಿಫರೆನ್ಷಿಯಲ್‌ಗಳ ಗುಣಲಬ್ಧವೇ ಇರಬಹುದೇ ಎಂದು ಕೇಳಿಕೊಂಡ. ಸುಲಭದ ಉದಾಹರಣೆಯೊಂದನ್ನು ಹಿಡಿದು ನೋಡಿ, ಅಲ್ಲವೆಂದು ಕಂಡುಕೊಂಡ. ನಾಳೆ ಈ ಹುಡುಗಿ ಯಾವುದೋ ಹಿಮ ಬೀಳುವ ಊರಿನಲ್ಲಿ ತಿದ್ದುವ ಉತ್ತರಪತ್ರಿಕೆಗಳಲ್ಲೂ ಅದೇ ತಪ್ಪು ಇರುತ್ತದೆ. ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯುವ ಬದಲು ಬಿಡಿಬಿಡಿಯಾಗಿ ತೆಗೆದು ಕೂಡಿಸಿದವರೂ ಸಿಗುತ್ತಾರೆ. ಎಲ್ಲವೂ ಬಿಡಿಸಿದಂತೆಯೇ ಕೂಡಿಕೊಳ್ಳಲಿ ಎಂಬ ಆಸೆ ರಾಬರ್ಟ್‌ಸನ್‌ಪೇಟೆಯದೊಂದೇ ಅಲ್ಲ.

ಗಣಿತ ಬಲ್ಲವರೆಲ್ಲ ಗಣಿತ ಹೇಳಿಕೊಡಬಲ್ಲರೆಂದೇನೂ ಇಲ್ಲ. ರಾಮಾನುಜನ್ ಎಫ್.ಎ. ಪರೀಕ್ಷೆ ದಾಟಲಾರದೆ ಟ್ಯೂಷನ್ ಹೇಳಿ ಬದುಕಲು ನೋಡಿದರು, ಅದು ಕೈ ಹಿಡಿಯಲಿಲ್ಲ. 1912ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟಿಗೆ ಗುಮಾಸ್ತೆ ಕೆಲಸಕ್ಕೆ ಅರ್ಜಿ ಹಾಕಿ ತಿಂಗಳಿಗೆ 30 ರೂಪಾಯಿಗೆ ಸೇರಿಕೊಂಡರು. ಓದು ನಿಂತುಹೋಯಿತು, ಆದರೆ ನನ್ನ ಹೊತ್ತನ್ನೆಲ್ಲ ಗಣಿತಕ್ಕೇ ಕೊಟ್ಟಿದ್ದೇನೆ ಎಂಬ ಅರ್ಥದ ಮಾತು ಆ ಅರ್ಜಿಯಲ್ಲಿದೆ. ಇದ್ದದ್ದನ್ನು ಇದ್ದಂತೆ ಹೇಳಿದ ಅರ್ಜಿ ಅದು. ಕಲಿಸುವ ಮಾತಿಗೆ ಬಂದರೆ, ಎಡವಿದ ಕಲ್ಲು ಇನ್ನೂ ನೆನಪಿರುವವರೇ ಹಿಂದೆ ಬರುವವರಿಗೆ ಅದನ್ನು ತೋರಿಸಬಲ್ಲರು. ನನ್ನಂಥವರಿಗೆ ಆ ಕಲ್ಲು ಎಲ್ಲಿತ್ತೆಂಬುದೇ ಮರೆತುಹೋಗಿದೆ. ವಿದ್ಯಾರ್ಥಿಯಾಗಿರುವಾಗಲೇ ಪಾಠ ಹೇಳಿಸುವ ಈ ಏರ್ಪಾಡಿನಲ್ಲಿ ನನಗೆ ಹಿಡಿಸುವುದು ಇದೊಂದೇ.

ಏಕೆಂದರೆ ಬೇರೆ ವಿಷಯಗಳಲ್ಲಿ ಅಲ್ಲಿಯೂ ಎಲ್ಲ ಸುಖವೆಂದಲ್ಲ. 2022ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬೋಧನಾ ಸಹಾಯಕರೂ ಸಂಶೋಧಕರೂ ಸೇರಿ ಸುಮಾರು 48,000 ಮಂದಿ, ಕೊಡುವ ಹಣ ಬಾಡಿಗೆಗೂ ಸಾಲದೆಂದು ಮುಷ್ಕರ ಹೂಡಿದ್ದರು. ನಮ್ಮಲ್ಲಿ ತೊಂದರೆ ಬೇರೆ ಥರದ್ದು. ನೆಟ್ ಬರೆದು ಜೆ.ಆರ್.ಎಫ್. ಬಂದರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಕೂತು ಸಂಶೋಧನೆ ಮಾಡಬಹುದು. ಬರದಿದ್ದರೆ ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. 2022ರ ಜನವರಿಯಲ್ಲಿ ಗೌರವಧನವನ್ನು 26,000 ಮತ್ತು 32,000 ರೂಪಾಯಿಗಳ ನಡುವೆ ಇರುವಂತೆ ಏರಿಸಿದಾಗ ವಾರದ ಪಾಠವನ್ನೂ 15 ಗಂಟೆಗೆ ಏರಿಸಿದರು. ಹೀಗೆ ಹುಡುಕುವವರು ಒಂದು ಕಡೆ, ಹೇಳಿಕೊಡುವವರು ಇನ್ನೊಂದು ಕಡೆ. ಪಿಎಚ್.ಡಿ. ವಿದ್ಯಾರ್ಥಿಗಳಿಗೆ ವಾರಕ್ಕೆ 4ರಿಂದ 6 ಗಂಟೆ ಬೋಧನೆಯ ನೆರವಿನಂಥ ಕೆಲಸ ಕೊಡಬಹುದೆಂದು ಯುಜಿಸಿಯ 2022ರ ನಿಯಮಾವಳಿ ಹೇಳುತ್ತದೆ. ಒಳ್ಳೆಯ ಮಾತು. ನಮ್ಮ ಜಿಲ್ಲೆಯ ಕಾಲೇಜುಗಳ ಮೊದಲ ವರ್ಷದ ತರಗತಿಗಳಿಗೂ ಅದು ತಲುಪಿದರೆ ಇನ್ನೂ ಒಳ್ಳೆಯದು.

ಇನ್ನು ಲೆಟರ್. ಸಾಮಾನ್ಯವಾಗಿ ಮೂರು ಬೇಕು. "ನೀನೇ ಬರೆದು ತಾ, ಸೈನ್ ಹಾಕ್ತೀನಿ" ಎನ್ನುವ ಪದ್ಧತಿ ನಮ್ಮಲ್ಲಿ ಎಷ್ಟು ಬೇರು ಬಿಟ್ಟಿದೆಯೆಂದರೆ ಮಕ್ಕಳು ಕೇಳುವ ಮೊದಲೇ ಬರೆದುಕೊಂಡು ಬಂದಿರುತ್ತಾರೆ. ಅದರಲ್ಲಿ ಎಲ್ಲರೂ ಪ್ರತಿಭಾವಂತರು, ಎಲ್ಲರೂ ಶ್ರಮಜೀವಿಗಳು. ಅದು ಮಕ್ಕಳ ತಪ್ಪಲ್ಲ, ನಮ್ಮ ಸೋಮಾರಿತನ. ಮೇಷ್ಟ್ರು ಕಣ್ಣಾರೆ ಕಂಡದ್ದು, ವಿದ್ಯಾರ್ಥಿ ತನ್ನ ಬಗ್ಗೆ ತಾನೇ ಹೇಳಿಕೊಳ್ಳಲಾರದ್ದು, ಅಂಥದೊಂದಾದರೂ ಇಲ್ಲದಿದ್ದರೆ ಆ ಕಾಗದ ಯಾಕೆ? ಈಕೆಯ ಕಾಗದವನ್ನು ನಾನೇ ಬರೆಯುತ್ತಿದ್ದೇನೆ, ಬೆಳಿಗ್ಗೆ, ಕಾಫಿ ಆದ ಮೇಲೆ.

ಆಕೆಗೆ ಇನ್ನೊಂದು ಅಂಜಿಕೆ, ತನ್ನ ಇಂಗ್ಲಿಷಿನದು. ಪಾಠ ಹೇಳುವವರೆಂದು ಟೋಫೆಲ್‌ನಲ್ಲಿ ಮಾತಿನ ಭಾಗದ ಅಂಕವನ್ನು ಬೇರೆಯಾಗಿ ನೋಡುವ ವಿಶ್ವವಿದ್ಯಾಲಯಗಳಿವೆ. ಅದಕ್ಕೆ ಅಭ್ಯಾಸ ಬೇಕು, ಸುಳ್ಳಲ್ಲ. ಆದರೆ ತಮಿಳು, ತೆಲುಗು, ಕನ್ನಡ ಮೂರೂ ಬೆರೆತ ಪಡಸಾಲೆಯಲ್ಲಿ, ಯಾವ ಮಗು ಎಲ್ಲಿ ನಿಂತುಹೋಯಿತೆಂದು ಕಣ್ಣಲ್ಲೇ ಅಳೆಯುತ್ತ ಬಂದವಳಿಗೆ ಮಾತು ಬರುವುದಿಲ್ಲವೆಂದರೆ ನಾನಂತೂ ನಂಬಲಾರೆ.

ನಿನ್ನೆ ಹೊಸ ಕರಡು ಕಳಿಸಿದ್ದಾಳೆ. ಅರ್ಧಕ್ಕೆ ಅರ್ಧ ಕೂಡಿಸಿದ ಹುಡುಗ ಮೊದಲ ಪ್ಯಾರಾಕ್ಕೆ ಬಂದಿದ್ದಾನೆ. ನ್ಯೂಟ್ರಿನೊ ಒಂದು ಸಾಲಿಗೆ ಇಳಿದಿದೆ, ಅಷ್ಟನ್ನು ಬಿಡಲು ಮನಸ್ಸು ಬರಲಿಲ್ಲವಂತೆ, ಇರಲಿ ಎಂದೆ. ಸಮಿತಿಯವರಿಗೆ ಹಿಡಿಸೀತೋ ಇಲ್ಲವೋ, ಉತ್ತರ ಬರುವುದು ಫೆಬ್ರವರಿ, ಮಾರ್ಚಿನಲ್ಲಿ. ಸಿಕ್ಕವರು ಏಪ್ರಿಲ್ 15ರೊಳಗೆ ಒಪ್ಪಿಗೆ ತಿಳಿಸುವುದು ಅಲ್ಲಿನ ಬಹುತೇಕ ವಿಶ್ವವಿದ್ಯಾಲಯಗಳ ಕಟ್ಟು. ಅಷ್ಟರೊಳಗೆ ನೆಟ್‌ಗೂ ಫೀಸು ಕಟ್ಟಿರು ಎಂದಿದ್ದೇನೆ. ಟ್ಯೂಷನ್ ನಿಲ್ಲಿಸಬೇಡವೆಂದೂ ಹೇಳಿದ್ದೇನೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೂ ಪರೀಕ್ಷೆ ಮಾರ್ಚಿನಲ್ಲೇ.